ಹಳೆಯ ಕ್ಯಾರವಾನಿನ ಒಳಗೆ ಯಾವ ಹಲಗೆ, ಯಾವ ಕೆಲಸಗಾರ: ಕಾಸರಗೋಡಿನ ಹವೆಗೆ ಹೊಂದುವ ಆಯ್ಕೆಗಳ ಹೋಲಿಕೆ

ಕಳೆದ ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್) ನನ್ನ ಭಾವ ಮಂಗಳೂರಿನಲ್ಲಿ ಒಂದು ಹಳೆಯ ಕ್ಯಾರವಾನ್ ಕೊಂಡು, ಗಡಿಯ ತಲಪಾಡಿ ದಾಟಿಸಿ, ಕಾಸರಗೋಡು ಜಿಲ್ಲೆಯ ಬದಿಯಡ್ಕದ ನಮ್ಮ ಮನೆಯಂಗಳಕ್ಕೆ ತಂದು ನಿಲ್ಲಿಸಿದರು. ಟೆಂಪೋ ಟ್ರಾವೆಲರ್ ವ್ಯಾನನ್ನು ಮಲಗುವುದಕ್ಕೂ ಅಡುಗೆ ಮಾಡುವುದಕ್ಕೂ ಅನುಕೂಲವಾಗುವಂತೆ ಬದಲಾಯಿಸಿ, ಹಲವು ವರ್ಷ ಓಡಿಸಿದ್ದ ಗಾಡಿ ಅದು. ಎಂಜಿನು ಗಟ್ಟಿಯಾಗಿತ್ತು, ಚಾಸಿಯಲ್ಲಿ ತುಕ್ಕು ಕಡಿಮೆಯಿತ್ತು. ಆದರೆ ಅಡುಗೆ ಕಟ್ಟೆಯ ಕೆಳಗಿನ ಕಪಾಟಿನ ಬಾಗಿಲನ್ನು ಎಳೆದಾಗ ಅದು ಬಿಜಾಗರಿಯ ಸಮೇತ ಕೈಗೆ ಬಂದಿತು. ಹಲಗೆ ನೀರು ಕುಡಿದು ಉಬ್ಬಿತ್ತು, ಒತ್ತಿದರೆ ನೆನೆದ ಅವಲಕ್ಕಿಯಂತೆ ಉದುರುತ್ತಿತ್ತು, ತಿರುಪು ಹಿಡಿದುಕೊಳ್ಳಲು ಅಲ್ಲಿ ಏನೂ ಉಳಿದಿರಲಿಲ್ಲ. ಮರದ ಚೂರುಗಳನ್ನು ಅಂಟಿನೊಂದಿಗೆ ಒತ್ತಿ ಮಾಡುವ ಪಾರ್ಟಿಕಲ್ ಬೋರ್ಡ್ ಅದು. ಮನೆಯ ಒಣ ಕೋಣೆಯಲ್ಲಿ ಹತ್ತು ವರ್ಷ ಬಾಳುವ ಹಲಗೆ, ಕುಲುಕು ಮತ್ತು ತೇವ ಎರಡೂ ಸೇರಿದ ಜಾಗದಲ್ಲಿ ಅದರ ಅರ್ಧ ಕಾಲವೂ ಬಾಳಿರಲಿಲ್ಲ.

ಅಲ್ಲಿಂದ ಈ ಬೇಸಿಗೆಯವರೆಗೆ ನಾವಿಬ್ಬರೂ ಊರಿನ ಆಚಾರಿಯೊಬ್ಬರ ಜತೆ ಸೇರಿ ಒಳಗಿನ ಎಲ್ಲವನ್ನೂ ಹೊಸದಾಗಿ ಕಟ್ಟಿದೆವು. ಪ್ರತಿ ಹಂತದಲ್ಲಿಯೂ ಎರಡು ಮೂರು ದಾರಿಗಳಿದ್ದವು, ಪ್ರತಿಯೊಂದು ದಾರಿಗೂ ಅದನ್ನು ಹೊಗಳುವವರಿದ್ದರು. ಇದೇ ಕೆಲಸಕ್ಕೆ ಇಳಿಯುವವರಿಗೆ ಉಪಯೋಗವಾಗಲೆಂದು ಆ ಆಯ್ಕೆಗಳನ್ನು ಇಲ್ಲಿ ಹೋಲಿಸುತ್ತಿದ್ದೇನೆ. ನನ್ನ ನಿಲುವನ್ನು ಆರಂಭದಲ್ಲಿಯೇ ಹೇಳಿಬಿಡುತ್ತೇನೆ: ಇಡೀ ವಾಹನಕ್ಕೆ ಒಂದೇ ಬಗೆಯ ಹಲಗೆಯನ್ನು ಆರಿಸುವುದು ಸರಿಯಲ್ಲ. ಕಪಾಟು ನೆಲದಿಂದ ಎಷ್ಟು ಎತ್ತರದಲ್ಲಿದೆ, ನೀರಿಗೆ ಎಷ್ಟು ಹತ್ತಿರದಲ್ಲಿದೆ ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಸಿಕ್ಕಿದ ಮೇಲೆಯೇ ಯಾವ ಹಲಗೆಯೆಂದು ನಿರ್ಧರಿಸಬೇಕು.

ಮೊದಲು ಕಾಗದಪತ್ರ ಮತ್ತು ತೂಕ

ಕಾಗದಪತ್ರದ ವಿಷಯವನ್ನು ಚುಟುಕಾಗಿ ಮುಗಿಸುತ್ತೇನೆ, ಆದರೆ ಅದನ್ನು ಬಿಟ್ಟು ಮುಂದೆ ಹೋಗಬಾರದು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ವಾಹನದ ಮಾರ್ಪಾಡುಗಳಿಗೆ ಸಂಬಂಧಿಸಿದ್ದು. ಕೇರಳದಿಂದಲೇ ಹೋದ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ, ತಯಾರಕರು ಕೊಟ್ಟ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲವೆಂದು ಸ್ಪಷ್ಟಪಡಿಸಿತು. ಮೋಟಾರು ಕ್ಯಾರವಾನ್‌ಗಳಿಗೆಂದೇ ಎ.ಐ.ಎಸ್. 124 ಎಂಬ ಪ್ರತ್ಯೇಕ ವಾಹನೋದ್ಯಮ ಮಾನದಂಡವೂ ಇದೆ. ಆದ್ದರಿಂದ ಕ್ಯಾರವಾನ್ ಎಂದೇ ನೋಂದಣಿಯಾಗಿರುವ ಹಳೆಯ ಗಾಡಿಯ ಒಳಗನ್ನು ನವೀಕರಿಸುವುದಕ್ಕೂ, ಪ್ರಯಾಣಿಕರ ವ್ಯಾನನ್ನು ಹೊಸದಾಗಿ ಕ್ಯಾರವಾನ್ ಮಾಡಲು ಹೊರಡುವುದಕ್ಕೂ ದೊಡ್ಡ ಅಂತರವಿದೆ. ಮೊದಲನೆಯದನ್ನೇ ಆರಿಸಬೇಕೆಂದು ನಾನು ಹೇಳುತ್ತೇನೆ. ಆಗಲೂ ಆಸನಗಳ ಸಂಖ್ಯೆ ಬದಲಾಗುವುದಾದರೆ ಅಥವಾ ಛಾವಣಿಯನ್ನು ಕತ್ತರಿಸಬೇಕಾದರೆ, ನಕ್ಷೆ ಹಿಡಿದು ಆರ್.ಟಿ.ಒ. ಕಚೇರಿಗೆ ಮೊದಲು ಹೋಗಿ, ಹಲಗೆಯ ಅಂಗಡಿಗೆ ಆಮೇಲೆ ಹೋಗಬೇಕು. ನಮ್ಮ ಗಡಿನಾಡಿನಲ್ಲಿ ಮಂಗಳೂರಿನ ಕೆ.ಎ. 19 ಸಂಖ್ಯೆಯ ಗಾಡಿ ಕೊಳ್ಳುವುದು ಸಾಮಾನ್ಯವಾದುದರಿಂದ ಇನ್ನೊಂದು ಮಾತು: ಬೇರೆ ರಾಜ್ಯದಲ್ಲಿ ನೋಂದಣಿಯಾದ ವಾಹನವನ್ನು 12 ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿ ಇಟ್ಟುಕೊಳ್ಳುವುದಾದರೆ ಇಲ್ಲಿನ ನೋಂದಣಿ ಮಾಡಿಸಿಕೊಳ್ಳಬೇಕು. ತಪಾಸಣೆಗೆ ಗಾಡಿ ಒಯ್ಯುವಾಗ ಒಳಗಿನ ಕೆಲಸ ಅರ್ಧಕ್ಕೆ ನಿಂತಿರಬಾರದು.

ಇನ್ನು ತೂಕ. ನೋಂದಣಿ ಪತ್ರದಲ್ಲಿ ಖಾಲಿ ವಾಹನದ ತೂಕ ಮತ್ತು ಹೊರೆ ಸಮೇತದ ಗರಿಷ್ಠ ತೂಕ ಎರಡೂ ಇರುತ್ತವೆ. ಅವುಗಳ ನಡುವಿನ ಅಂತರದಲ್ಲಿಯೇ ಪೀಠೋಪಕರಣ, ನೀರು, ಬ್ಯಾಟರಿ, ಗ್ಯಾಸ್, ಹಾಸಿಗೆ, ಅಕ್ಕಿ ಚೀಲ ಮತ್ತು ಮನುಷ್ಯರು ಎಲ್ಲರೂ ಅಡಗಬೇಕು. ನೂರು ಲೀಟರಿನ ನೀರಿನ ಟ್ಯಾಂಕು ತುಂಬಿದಾಗ ನೂರು ಕಿಲೋ. ನಾಲ್ಕು ಜನ ದೊಡ್ಡವರು ಹತ್ತಿದರೆ ಇನ್ನೂ ಇನ್ನೂರೈವತ್ತು ಕಿಲೋ. ನೀರನ್ನೂ ಜನರನ್ನೂ ಕಡಿಮೆ ಮಾಡುವುದು ಕಷ್ಟ, ಹಲಗೆಯನ್ನು ಕಡಿಮೆ ಮಾಡಬಹುದು.

ಕಿತ್ತು ತೆಗೆದ ಹಳೆಯ ಹಲಗೆಗಳನ್ನು ನಾವು ಅಡಿಕೆ ತೂಗುವ ಸ್ಕೇಲಿನ ಮೇಲೆ ಕಂತುಕಂತಾಗಿ ಇಟ್ಟು ತೂಗಿದೆವು. ಒಟ್ಟು 310 ಕಿಲೋ ಮೀರಿತು. ಮೊದಲಿನ ಕೆಲಸಗಾರರು ಮನೆಯ ಅಡುಗೆಕೋಣೆಗೆ ಬಳಸುವ 18 ಮಿ.ಮೀ. ಹಲಗೆಯನ್ನು ತಲೆಯ ಮೇಲಿನ ಕಪಾಟಿನಿಂದ ಕಾಲಕೆಳಗಿನ ಪೆಟ್ಟಿಗೆಯವರೆಗೆ ಎಲ್ಲೆಡೆಯೂ ಬಳಸಿದ್ದರು. ನಾವು ಮತ್ತೆ ಕಟ್ಟಿದ್ದು ಬಿಜಾಗರಿ, ಹಲಗೆಯ ಮೇಲೆ ಅಂಟಿಸುವ ಮೈಕಾ ಹಾಳೆ ಎಲ್ಲ ಸೇರಿ 180 ಕಿಲೋ ಒಳಗೆ ನಿಂತಿತು, ಇಡುವ ಜಾಗ ಮೊದಲಿಗಿಂತ ಕಡಿಮೆಯಾಗಲಿಲ್ಲ. ಕೆಲಸ ಆರಂಭಿಸುವ ಮೊದಲೊಮ್ಮೆ, ಮುಗಿದ ಮೇಲೊಮ್ಮೆ ವಾಹನ ತೂಗುವ ವೇ ಬ್ರಿಡ್ಜ್‌ಗೆ ಹೋಗಿ, ಇಡೀ ಗಾಡಿಯನ್ನಷ್ಟೇ ಅಲ್ಲದೆ ಹಿಂದಿನ ಗಾಲಿಗಳ ಅಚ್ಚನ್ನು ಮಾತ್ರ ಕಟ್ಟೆಯ ಮೇಲೆ ನಿಲ್ಲಿಸಿಯೂ ತೂಗಿಸಿಕೊಳ್ಳಬೇಕು. ಒಟ್ಟು ತೂಕ ಮಿತಿಯೊಳಗಿದ್ದರೂ ಹಿಂಬದಿಯ ಅಚ್ಚೊಂದೇ ಮಿತಿಮೀರಿ ಹೊರುವುದು ಇಂಥ ಗಾಡಿಗಳಲ್ಲಿ ಸಾಮಾನ್ಯ, ಏಕೆಂದರೆ ಹಾಸಿಗೆ, ನೀರು, ಸಾಮಾನಿನ ಪೆಟ್ಟಿಗೆ ಎಲ್ಲವೂ ಹಿಂದೆಯೇ ಸೇರುತ್ತವೆ.

ಹಲಗೆಗಳು

ಒಂದು ಅಳತೆಯನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಹೋಲಿಕೆ ಸುಲಭ. ಅಂಗಡಿಯಲ್ಲಿ ಸಿಗುವ ಎಂಟಡಿ ಉದ್ದ, ನಾಲ್ಕಡಿ ಅಗಲದ ಒಂದು ಹಲಗೆ ಸುಮಾರು 3 ಚದರ ಮೀಟರು. ಒಳ್ಳೆಯ ಪ್ಲೈವುಡ್ಡಿನಲ್ಲಿ ಅದು 18 ಮಿ.ಮೀ. ದಪ್ಪಕ್ಕೆ ಸುಮಾರು 35 ಕಿಲೋ, 12 ಮಿ.ಮೀ.ಗೆ 23 ಕಿಲೋ, 6 ಮಿ.ಮೀ.ಗೆ 12 ಕಿಲೋ ತೂಗುತ್ತದೆ. ಮರದ ನಾರನ್ನು ಅಂಟಿನೊಂದಿಗೆ ಒತ್ತಿ ಮಾಡುವ ಎಂ.ಡಿ.ಎಫ್. ಹಲಗೆ ಅದೇ 18 ಮಿ.ಮೀ.ಗೆ 40 ಕಿಲೋದ ಆಸುಪಾಸು ಬರುತ್ತದೆ, ಪ್ಲಾಸ್ಟಿಕ್ಕಿನ ಪಿ.ವಿ.ಸಿ. ಫೋಮ್ ಬೋರ್ಡು 30 ಕಿಲೋದ ಒಳಗೆ ಇರುತ್ತದೆ.

ಪ್ಲೈವುಡ್ಡಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಕೊನೆಗೆ ನಮ್ಮ ಕೆಲಸದ ಮುಕ್ಕಾಲು ಪಾಲು ಅದರಲ್ಲಿಯೇ ಆಯಿತು. ನಮ್ಮ ಕಡೆಗೆ ಬರುವ ಪ್ಲೈವುಡ್ಡಿನಲ್ಲಿ ಬಹುಪಾಲು ಕೇರಳದ್ದೇ. ಕಣ್ಣೂರಿನ ವಳಪಟ್ಟಣದಲ್ಲಿ 1945ರಷ್ಟು ಹಿಂದೆಯೇ ದೊಡ್ಡ ಕಾರ್ಖಾನೆ ಆರಂಭವಾಗಿತ್ತು, ಎರ್ನಾಕುಳಂ ಜಿಲ್ಲೆಯ ಪೆರುಂಬಾವೂರು ಈಗ ಈ ಉದ್ಯಮದ ದೊಡ್ಡ ಕೇಂದ್ರವಾಗಿದೆ. ಅಲ್ಲಿ ರಬ್ಬರ್ ಮರದ ಪದರಗಳು ಹೇರಳವಾಗಿ ಬಳಕೆಯಾಗುತ್ತವೆ. ಅಂಗಡಿಯಲ್ಲಿ ಮೂರು ಹೆಸರು ಕೇಳಿಸುತ್ತವೆ: ಕಮರ್ಷಿಯಲ್, ಬಿ.ಡಬ್ಲ್ಯು.ಆರ್., ಮರೈನ್. ಕಮರ್ಷಿಯಲ್ ಎಂದರೆ ತೇವವನ್ನು ಸ್ವಲ್ಪ ಮಾತ್ರ ತಡೆಯುವಂಥದ್ದು. ಅದರ ಪದರಗಳನ್ನು ಸಾಮಾನ್ಯವಾಗಿ ಯೂರಿಯಾ ಫಾರ್ಮಾಲ್ಡಿಹೈಡ್ ಅಂಟಿನಿಂದ ಕೂಡಿಸಿರುತ್ತಾರೆ. ಬಿ.ಡಬ್ಲ್ಯು.ಆರ್. ಕುದಿಯುವ ನೀರಿನಲ್ಲಿ 8 ಗಂಟೆಯ ಪರೀಕ್ಷೆಯನ್ನು ತಡೆದುಕೊಂಡದ್ದು. ಐ.ಎಸ್. 710 ಎಂಬ ಭಾರತೀಯ ಮಾನದಂಡದ ಮುದ್ರೆಯ ಮರೈನ್ ಪ್ಲೈ 72 ಗಂಟೆಯ ಕುದಿಯುವ ನೀರಿನ ಪರೀಕ್ಷೆಯನ್ನು ದಾಟಬೇಕು, ಅದರ ಅಂಟು ಫೀನಾಲ್ ಫಾರ್ಮಾಲ್ಡಿಹೈಡ್. ವರ್ಷಕ್ಕೆ 3000 ಮಿ.ಮೀ. ಮೀರಿ ಮಳೆ ಸುರಿಯುವ, ಜೂನಿನಿಂದ ಸೆಪ್ಟೆಂಬರಿನವರೆಗೆ ಹೊದ್ದ ಬಟ್ಟೆಯೂ ಒದ್ದೆಯಂತೆ ಅನಿಸುವ ಈ ಊರಿನಲ್ಲಿ, ನೆಲದಿಂದ ಎರಡಡಿ ಎತ್ತರದವರೆಗಿನ ಎಲ್ಲದಕ್ಕೂ ಮರೈನ್ ಪ್ಲೈ ಹೊರತು ಬೇರೆ ಯಾವುದನ್ನೂ ನಾನು ಒಪ್ಪುವುದಿಲ್ಲ. ಬಾಗಿಲು ತೆರೆದಾಗ ಒಳಗೆ ಬರುವ ಎರಚಲು, ಒದ್ದೆ ಚಪ್ಪಲಿ, ತೊಟ್ಟಿಕ್ಕುವ ಕೊಡೆ, ಸಿಂಕಿನ ಕೊಳವೆ ಎಲ್ಲವೂ ಆ ಎರಡಡಿಯಲ್ಲಿಯೇ ಇರುವುದು.

ಆದರೆ ಮುದ್ರೆಯನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ನಾವು ಕೊಂಡ ಮೊದಲ ಎರಡು ಹಲಗೆಗಳ ಮೇಲೆ ಮರೈನ್ ಎಂದೇ ಅಚ್ಚಾಗಿತ್ತು. ಕತ್ತರಿಸಿದಾಗ ನಡುವಿನ ಪದರಗಳಲ್ಲಿ ಬೆರಳು ಹೋಗುವಷ್ಟು ಪೊಳ್ಳು ಕಂಡಿತು. ಅಂದಿನಿಂದ ಆಚಾರಿಯವರು ಹೇಳಿದ ಎರಡು ಪರೀಕ್ಷೆಗಳನ್ನು ಬಿಟ್ಟಿಲ್ಲ: ಹಲಗೆಯ ಉದ್ದಕ್ಕೂ ಗೆಣ್ಣಿನಿಂದ ತಟ್ಟುತ್ತ ಹೋಗಿ ಸದ್ದು ಬದಲಾಗುವ ಜಾಗವನ್ನು ಗುರುತಿಸುವುದು, ಅಂಗಡಿಯಿಂದ ಅಂಗೈಯಗಲದ ತುಂಡೊಂದನ್ನು ಕೇಳಿ ಪಡೆದು ಮನೆಯ ಒಲೆಯ ಮೇಲೆ ದಿನವಿಡೀ ಕುದಿಸಿ ನೋಡುವುದು. ಪದರ ಬಿಚ್ಚಿಕೊಂಡರೆ ಆ ಅಂಗಡಿಗೆ ಮತ್ತೆ ಹೋಗಬೇಕಾಗಿಲ್ಲ.

ದಪ್ಪದ ವಿಷಯದಲ್ಲಿ ಆಚಾರಿಯವರಿಗೂ ನಮಗೂ ಬಹಳ ಚರ್ಚೆಯಾಯಿತು. ಮನೆಯ ಕೆಲಸದಲ್ಲಿ ಬೆಳೆದ ಅವರ ಕೈಗೆ 18 ಮಿ.ಮೀ.ಗಿಂತ ತೆಳುವಾದದ್ದು ಆಟದ ಸಾಮಾನಿನಂತೆ ಕಾಣುತ್ತಿತ್ತು. ಆದರೆ ಕಪಾಟಿನ ಗಟ್ಟಿತನ ಹಲಗೆಯ ದಪ್ಪದಿಂದ ಮಾತ್ರ ಬರುವುದಲ್ಲ, ಪೆಟ್ಟಿಗೆಯ ಆಕಾರದಿಂದಲೂ ಬರುತ್ತದೆ. ಹಿಂಬದಿಗೆ 6 ಮಿ.ಮೀ. ಹಲಗೆಯನ್ನು ಅಂಟು ಹಾಕಿ ಸುತ್ತಲೂ ಬಿಗಿದರೆ 12 ಮಿ.ಮೀ.ಯ ಪೆಟ್ಟಿಗೆ ಸ್ವಲ್ಪವೂ ಓರೆಯಾಗುವುದಿಲ್ಲ. ಮೂಲೆಗಳಿಗೆ ಒಳಗಿನಿಂದ ಒಂದಂಗುಲದ ಮರದ ಪಟ್ಟಿ ಕೊಟ್ಟು, ತಿರುಪನ್ನು ಹಲಗೆಯ ಅಂಚಿಗೆ ಹೊಡೆಯದೆ ಆ ಪಟ್ಟಿಗೆ ಹೊಡೆದೆವು. ಪ್ಲೈವುಡ್ಡಿನ ಅಂಚಿನಲ್ಲಿ ತಿರುಪು ಪದರಗಳನ್ನು ಸೀಳುತ್ತದೆ. ದಾರಿಯ ಕುಲುಕಿನಲ್ಲಿ ಆ ಸೀಳು ಬೆಳೆಯುತ್ತದೆ. ಜನ ಮಲಗುವ ಹಾಸಿಗೆಯ ಮೇಲ್ಹಲಗೆಗೆ ಮತ್ತು ಒಲೆ ಕೂರುವ ಕಟ್ಟೆಗೆ ಮಾತ್ರ 18 ಮಿ.ಮೀ. ಉಳಿಸಿಕೊಂಡೆವು.

ಗಟ್ಟಿ ಮರದ ಮೇಲಿನ ಪ್ರೀತಿ ನಮ್ಮ ಊರಿನಲ್ಲಿ ಸಹಜ. ಹಳೆಯ ಮನೆ ಕೆಡವಿದಾಗ ಸಿಕ್ಕ ಮುಚ್ಚಿಗೆಯ ಹಲಸಿನ ಹಲಗೆಗಳು ನಮ್ಮ ಅಟ್ಟದಲ್ಲಿ ಇದ್ದವು. ಐವತ್ತು ಅರುವತ್ತು ವರ್ಷ ಒಣಗಿದ, ಜೇನಿನ ಬಣ್ಣಕ್ಕೆ ತಿರುಗಿದ ಮರ. ಅದನ್ನೇ ಎಲ್ಲಕ್ಕೂ ಬಳಸಬೇಕೆಂದು ಭಾವನ ಆಸೆಯಾಗಿತ್ತು. ಸಾಗುವಾನಿ, ಹಲಸು, ಹೆಬ್ಬಲಸು ಮೂರೂ ಚೆನ್ನಾಗಿ ಬಲಿತು ಒಣಗಿದ್ದರೆ ತೇವವನ್ನೂ ಗೆದ್ದಲನ್ನೂ ತಕ್ಕಮಟ್ಟಿಗೆ ತಡೆದುಕೊಳ್ಳುತ್ತವೆ, ತಿರುಪನ್ನು ಬಲವಾಗಿ ಹಿಡಿಯುತ್ತವೆ, ಹಾಳಾದರೆ ಕೀಸಿ ಸರಿಮಾಡಬಹುದು. ಅವುಗಳಲ್ಲಿ ಎರಡು ತೊಡಕುಗಳಿವೆ. ಒಂದು, ಗಟ್ಟಿ ಮರವನ್ನು ಮುಕ್ಕಾಲಂಗುಲಕ್ಕಿಂತ ತೆಳುವಾಗಿ ಸೀಳಿ ಅಗಲದ ಹಲಗೆಯಾಗಿ ಬಳಸಿದರೆ ಬಾಗುತ್ತದೆ, ಬಿರಿಯುತ್ತದೆ. ಹಾಗಾಗಿ ತೂಕ ಇಳಿಸಲು ದಾರಿಯಿಲ್ಲ. ಇನ್ನೊಂದು, ಮರ ಉದ್ದಕ್ಕೆ ಹೆಚ್ಚುಕಡಿಮೆ ಬದಲಾಗದಿದ್ದರೂ ಅಗಲಕ್ಕೆ ಮಳೆಗಾಲದಲ್ಲಿ ಹಿಗ್ಗಿ ಬೇಸಿಗೆಯಲ್ಲಿ ಕುಗ್ಗುತ್ತದೆ. ಮುಚ್ಚಿ ನಿಲ್ಲಿಸಿದ ಗಾಡಿಯೊಳಗೆ ಏಪ್ರಿಲಿನ ಮಧ್ಯಾಹ್ನದ ಬಿಸಿ ಮನೆಯ ಕೋಣೆಯ ಬಿಸಿಗಿಂತ ಬಹಳ ಹೆಚ್ಚಾದುದರಿಂದ, ಈ ಹಿಗ್ಗುಕುಗ್ಗು ಅಲ್ಲಿ ಇನ್ನೂ ಜೋರಾಗಿರುತ್ತದೆ. ಆಟಿಯಲ್ಲಿ ಬಿಗಿಯಾಗಿ ಕೂತ ಬಾಗಿಲು ಮೇ ತಿಂಗಳಲ್ಲಿ ಗಡಗಡ ಅಲುಗುತ್ತದೆ. ಆದ್ದರಿಂದ ಆ ಹಲಸನ್ನು ನಾವು ಕಡಿಮೆ ಅಗಲ ಬೇಕಾದ ಕಡೆಗಳಿಗೆ ಮೀಸಲಿಟ್ಟೆವು: ಒಳಮೂಲೆಯ ಪಟ್ಟಿಗಳು, ಕಟ್ಟೆಯ ಮುಂದಿನ ಅಂಚಿನ ಉಬ್ಬು, ಕೈ ಹಿಡಿಕೆಗಳು, ಮಡಚುವ ಮೇಜಿನ ಸುತ್ತಿನ ಚೌಕಟ್ಟು. ಕಣ್ಣಿಗೆ ಕಾಣುವುದೂ ಕೈಗೆ ತಾಗುವುದೂ ಆ ಮರವೇ. ಒಟ್ಟು ತೂಕ ಹದಿನೈದು ಕಿಲೋ ಮಾತ್ರ. ರಬ್ಬರ್ ಮರದ ಜೋಡು ಹಲಗೆ ಅಗ್ಗವಾಗಿ ಸಿಗುತ್ತದೆ, ನೋಡಲು ಚೆಂದವೂ ಹೌದು, ಆದರೆ ಔಷಧ ಹಾಕದ ರಬ್ಬರ್ ಮರಕ್ಕೆ ಕುಟ್ಟೆಯೂ ಬೂಷ್ಟೂ ಬೇಗ ಹತ್ತುತ್ತವೆ. ಗಾಡಿಯ ಒಳಗೆ ನಾನು ಅದನ್ನು ಬಯಸುವುದಿಲ್ಲ.

ಎಂ.ಡಿ.ಎಫ್. ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಅದರ ಮೇಲ್ಮೈ ನುಣುಪು, ಬಣ್ಣ ಸೊಗಸಾಗಿ ಕೂರುತ್ತದೆ, ಆದರೆ ಭಾರ ಹೆಚ್ಚು, ಅಂಚಿನಲ್ಲಿ ನೀರು ತಾಗಿದರೆ ಉಬ್ಬಿ ಮತ್ತೆ ಇಳಿಯುವುದಿಲ್ಲ. ಬಿಸಿಲಲ್ಲಿ ಮುಚ್ಚಿಟ್ಟ ಗಾಡಿಯಲ್ಲಿ ಅಗ್ಗದ ಎಂ.ಡಿ.ಎಫ್. ಮತ್ತು ಪಾರ್ಟಿಕಲ್ ಬೋರ್ಡಿನ ಅಂಟಿನಿಂದ ಹೊಮ್ಮುವ ಫಾರ್ಮಾಲ್ಡಿಹೈಡಿನ ಘಾಟು ಕಣ್ಣು ಉರಿಸುತ್ತದೆ. ಬಿಸಿಯೂ ತೇವವೂ ಏರಿದಷ್ಟು ಅದು ಹೆಚ್ಚುತ್ತದೆ. ಮಕ್ಕಳು ಮಲಗುವ ಜಾಗಕ್ಕೆ ಇದು ಬೇಡವೇ ಬೇಡ.

ಪಿ.ವಿ.ಸಿ. ಫೋಮ್ ಬೋರ್ಡನ್ನು ಈಗ ಎಲ್ಲ ಅಂಗಡಿಯವರೂ ಮುಂದೆ ಮಾಡುತ್ತಾರೆ. ನೀರಿಗೆ ಹೆದರಬೇಕಾಗಿಲ್ಲ, ಗೆದ್ದಲು ಹತ್ತುವುದಿಲ್ಲ, ತೂಕವೂ ತುಸು ಕಡಿಮೆ ಎಂಬ ಅವರ ಮಾತು ಸರಿಯೇ. ಆದರೆ ಅದು ತಿರುಪನ್ನು ಸಡಿಲವಾಗಿ ಹಿಡಿಯುತ್ತದೆ, ಬಿಸಿಯಾದಾಗ ಮೆತ್ತಗಾಗುತ್ತದೆ; ತಗಡಿನ ಛಾವಣಿಯ ಕೆಳಗೆ, ಸಾಮಾನು ಹೊತ್ತ ಅಡ್ಡಹಲಗೆಯಾಗಿ ಬಳಸಿದರೆ ಒಂದೆರಡು ಬೇಸಿಗೆಯಲ್ಲಿ ನಡುವೆ ಜೋಲುತ್ತದೆ. ಬೆಂಕಿ ತಾಗಿದರೆ ವಿಷದ ಹೊಗೆ ಬಿಡುವುದರಿಂದ ಒಲೆಯ ಸಮೀಪ ಅದನ್ನು ಇಡುವಂತಿಲ್ಲ. ಶೌಚದ ಚಿಕ್ಕ ಕೋಣೆಯ ಗೋಡೆಗೆ, ಸಿಂಕಿನ ಕೆಳಗಿನ ತಳಹಲಗೆಗೆ, ಅಂದರೆ ನೀರು ನಿಶ್ಚಯವಾಗಿ ಬೀಳುವ ಮತ್ತು ಭಾರ ಬೀಳದ ಜಾಗಕ್ಕೆ ಅದಕ್ಕಿಂತ ಒಳ್ಳೆಯದು ಇಲ್ಲ. ನಾವು ಆ ಎರಡು ಕಡೆ ಮಾತ್ರ ಬಳಸಿದೆವು.

ತಲೆಯ ಮಟ್ಟಕ್ಕಿಂತ ಮೇಲಿನ ಕಪಾಟುಗಳಿಗೆ ನನಗೆ ಅತ್ಯಂತ ಸರಿಯೆನಿಸಿದ್ದು ಅಲ್ಯುಮಿನಿಯಂ ಚೌಕಟ್ಟು ಮತ್ತು ತೆಳು ಪ್ಲೈವುಡ್ಡಿನ ಜೋಡಿ. 25 ಮಿ.ಮೀ. ಚೌಕದ, 1.5 ಮಿ.ಮೀ. ದಪ್ಪದ ಅಲ್ಯುಮಿನಿಯಂ ಕೊಳವೆ ಮೀಟರಿಗೆ 400 ಗ್ರಾಮಿನೊಳಗೆ ತೂಗುತ್ತದೆ; ಅದೇ ಅಳತೆಯ ಕಬ್ಬಿಣದ ಕೊಳವೆ 1.1 ಕಿಲೋ. ಈ ಚೌಕಟ್ಟಿಗೆ ಕೆಳಗೂ ಬದಿಗೂ 6 ಮಿ.ಮೀ. ಪ್ಲೈ ಕೊಟ್ಟರೆ ಐದಡಿ ಉದ್ದದ ಕಪಾಟು ಹನ್ನೆರಡು ಕಿಲೋದಲ್ಲಿ ಮುಗಿಯುತ್ತದೆ. ಮೇಲೆ ತೂಕ ಕಡಿಮೆಯಾದಷ್ಟೂ ತಿರುವಿನಲ್ಲಿ ಗಾಡಿ ವಾಲುವುದು ಕಡಿಮೆ. ಪಾಣತ್ತೂರಿನಿಂದ ಕರಿಕೆಯ ಮೂಲಕ ಭಾಗಮಂಡಲಕ್ಕೆ ಏರುವ ರಸ್ತೆಯಲ್ಲಿ ಹಳೆಯ ಕಪಾಟು ಇದ್ದಾಗಲೊಮ್ಮೆ, ತೆಗೆದ ಮೇಲೊಮ್ಮೆ ಗಾಡಿ ಓಡಿಸಿದ ಭಾವನಿಗೆ ಈ ವ್ಯತ್ಯಾಸವನ್ನು ಯಾರೂ ವಿವರಿಸಬೇಕಾಗಿರಲಿಲ್ಲ. ಒಂದು ಎಚ್ಚರಿಕೆ ಮಾತ್ರ ಬೇಕು: ಕಡಲ ಗಾಳಿಯ ಉಪ್ಪು ಇರುವಲ್ಲಿ ಅಲ್ಯುಮಿನಿಯಂ ಮತ್ತು ಕಬ್ಬಿಣ ನೇರವಾಗಿ ತಾಗಿದ ಕಡೆ ಅಲ್ಯುಮಿನಿಯಂ ಬಿಳಿಪುಡಿಯಾಗಿ ಸವೆಯುತ್ತದೆ. ಕುಂಬಳೆ, ಮಂಜೇಶ್ವರದಂಥ ಕಡಲ ಬದಿಯಲ್ಲಿ ಗಾಡಿ ನಿಲ್ಲಿಸುವವರು ಎರಡರ ನಡುವೆ ರಬ್ಬರ್ ಅಥವಾ ನೈಲಾನ್ ವಾಷರ್ ಕೊಡಲೇಬೇಕು. ತಿರುಪು ಸ್ಟೇನ್‌ಲೆಸ್ ಸ್ಟೀಲಿನದ್ದಾಗಿರಬೇಕು.

ಮೈಕಾದ ತೂಕವನ್ನು ಯಾರೂ ಲೆಕ್ಕ ಹಾಕುವುದಿಲ್ಲ. 1 ಮಿ.ಮೀ. ಮೈಕಾದ ಒಂದು ಹಾಳೆ 4 ಕಿಲೋ ಮೀರುತ್ತದೆ. ಎಂಟು ಹಲಗೆಗಳಿಗೆ ಎರಡೂ ಬದಿ ಅಂಟಿಸಿದರೆ 65 ಕಿಲೋ ಸೇರಿಕೊಳ್ಳುತ್ತದೆ. ಹಾಗೆಂದು ತೆಳು ಬಾಗಿಲಿಗೆ ಒಂದೇ ಬದಿ ಅಂಟಿಸಿದರೆ ಬಾಗಿಲು ಬಾಗುತ್ತದೆ. ಆದ್ದರಿಂದ ಬಾಗಿಲುಗಳಿಗೆ ಎರಡೂ ಬದಿ ತೆಳುವಾದ ಮೈಕಾ, ಸ್ಥಿರವಾದ ಪೆಟ್ಟಿಗೆಗಳಿಗೆ ಹೊರಬದಿಗೆ ಮಾತ್ರ ಮೈಕಾ, ಒಳಬದಿಗೆ ಎರಡು ಸಲ ಪಾಲಿಯುರಿಥೇನ್ ವಾರ್ನಿಷ್ ಎಂದು ವಿಂಗಡಿಸಿದೆವು. ಕತ್ತರಿಸಿದ ಪ್ರತಿಯೊಂದು ಅಂಚಿಗೂ, ಕಣ್ಣಿಗೆ ಕಾಣದ ಅಂಚಿಗೂ, ವಾರ್ನಿಷ್ ಕುಡಿಸಬೇಕು. ನೀರು ಹಲಗೆಯ ಮುಖದಿಂದ ಒಳಗೆ ಹೋಗುವುದು ಅಪರೂಪ, ಅಂಚಿನಿಂದಲೇ ಹೋಗುವುದು.

ವಾಹನದ ಮೈಗೆ ಬಿಗಿಯುವುದು

ಹಲಗೆ ಎಷ್ಟೇ ಒಳ್ಳೆಯದಾಗಿದ್ದರೂ ಗಾಡಿಯ ಮೈಗೆ ಅದು ಸರಿಯಾಗಿ ಕೂರದಿದ್ದರೆ ಪ್ರಯೋಜನವಿಲ್ಲ. ಒಣ ರಸ್ತೆಯಲ್ಲಿ ಬಲವಾಗಿ ಬ್ರೇಕ್ ಹಾಕಿದಾಗ ಪ್ರತಿಯೊಂದು ವಸ್ತುವೂ ತನ್ನ ತೂಕದ ಮುಕ್ಕಾಲು ಪಾಲಿನಷ್ಟು ಬಲದಿಂದ ಮುಂದಕ್ಕೆ ಹೊರಡುತ್ತದೆ. ಸಾಮಾನು ತುಂಬಿದ 40 ಕಿಲೋದ ಕಪಾಟು 30 ಕಿಲೋ ಬಲದಿಂದ ಚಾಲಕನ ಬೆನ್ನಿನ ಕಡೆಗೆ ನೂಕುತ್ತದೆ. ಅಪಘಾತದಲ್ಲಿ ಈ ಬಲ ಹಲವು ಪಟ್ಟು.

ಇಲ್ಲಿ ಮೂರು ದಾರಿಗಳಿವೆ. ತಗಡಿಗೆ ನೇರವಾಗಿ ತಿರುಪು ಹೊಡೆಯುವುದು ಸುಲಭ, ಎಲ್ಲರೂ ಮಾಡುವುದೂ ಅದನ್ನೇ. ತೆಳು ತಗಡಿನಲ್ಲಿ ಆ ತಿರುಪು ಒಂದೆರಡು ಎಳೆಯಷ್ಟೇ ಕಚ್ಚಿರುವುದರಿಂದ ಕೆಲವೇ ತಿಂಗಳಲ್ಲಿ ತೂತು ಅಗಲವಾಗುತ್ತದೆ, ಅಲ್ಲಿಂದ ತುಕ್ಕು ಆರಂಭವಾಗುತ್ತದೆ. ಎರಡನೆಯದು, ಗೋಡೆಯ ಒಳಗಿನ ಉಕ್ಕಿನ ಪಕ್ಕೆಲುಬುಗಳಿಗೆ ರಿವೆಟ್ ನಟ್ (ತೂತಿನಲ್ಲಿಯೇ ಬಿಗಿಯಾಗಿ ಕೂರುವ ನಟ್ಟು) ಕೂರಿಸಿ ಬೋಲ್ಟ್ ಹಾಕುವುದು. ಮೇಲಿನ ಕಪಾಟುಗಳಿಗೆ ಇದೇ ಸರಿ, ಮುಂದೆ ಬಿಚ್ಚಿ ಮತ್ತೆ ಜೋಡಿಸಲೂ ಆಗುತ್ತದೆ. ಮೂರನೆಯದನ್ನು ಬಹಳ ಜನ ಮರೆಯುತ್ತಾರೆ: ಮೂಲದಲ್ಲಿ ಆಸನಗಳನ್ನು ಬಿಗಿದಿದ್ದ ನೆಲದ ಬೋಲ್ಟಿನ ಜಾಗಗಳು ತಯಾರಕರೇ ಬಲಪಡಿಸಿದ ಜಾಗಗಳು. ಕೆಳಗಿನ ಪೆಟ್ಟಿಗೆಗಳ ಅಳತೆಯನ್ನು ಆ ಜಾಗಗಳಿಗೆ ಹೊಂದಿಸಿ ಹಾಕಿದರೆ ಹೊಸ ತೂತು ಕೊರೆಯುವ ಕೆಲಸವೇ ಕಡಿಮೆ. ಹೊಸದಾಗಿ ಕೊರೆಯಲೇಬೇಕಾದರೆ, ಕೆಳಗೆ ಡೀಸೆಲ್ ಟ್ಯಾಂಕು, ಬ್ರೇಕಿನ ಕೊಳವೆ, ವಯರುಗಳು ಎಲ್ಲಿ ಹೋಗುತ್ತವೆಂದು ಗಾಡಿಯ ಅಡಿಗೆ ಮಲಗಿ ನೋಡಿ, ಕೊರೆದ ತೂತಿನ ಅಂಚಿಗೆ ಸತುವಿನ ಬಣ್ಣ ಹಚ್ಚಿ, ಅಗಲ ವಾಷರಿನೊಂದಿಗೆ ಬೋಲ್ಟ್ ಹಾಕಬೇಕು.

ಇದೇ ಪ್ರಸಂಗದಲ್ಲಿ ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ಪ್ಲೈವುಡ್ಡಿನಲ್ಲಿ ಮಾಡಿದ ಬೆಂಚಿನ ಮೇಲೆ, ಅದು ಎಷ್ಟೇ ಗಟ್ಟಿಯಾಗಿದ್ದರೂ, ಗಾಡಿ ಓಡುವಾಗ ಯಾರೂ ಕೂರಬಾರದು. ಓಡುವಾಗ ಕೂರಲು ಬೆಲ್ಟ್ ಇರುವ ಮೂಲ ಆಸನಗಳನ್ನೇ ಉಳಿಸಿಕೊಳ್ಳಬೇಕು. ಜಾಗ ಉಳಿಯುತ್ತದೆಂದು ಅವನ್ನು ಕಿತ್ತು ಬೆಂಚು ಮಾಡಿದ ಗಾಡಿಗಳನ್ನು ನೋಡಿದಾಗ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಗ್ಯಾಸ್ ಸಿಲಿಂಡರಿನ ಪೆಟ್ಟಿಗೆಯ ವಿಷಯದಲ್ಲಿಯೂ ಆಯ್ಕೆಯಿಲ್ಲ. ಅಡುಗೆ ಅನಿಲ ಗಾಳಿಗಿಂತ ಭಾರವಾದುದರಿಂದ ಸೋರಿದರೆ ನೆಲದಲ್ಲಿ ತುಂಬಿಕೊಳ್ಳುತ್ತದೆ. ಆ ಪೆಟ್ಟಿಗೆ ಒಳಗಿನ ಜಾಗದಿಂದ ಪೂರ್ಣವಾಗಿ ಮುಚ್ಚಿರಬೇಕು, ಅದರ ತಳದಿಂದ ಗಾಡಿಯ ಹೊರಕ್ಕೆ ತೆರೆದ ತೂತು ಇರಬೇಕು.

ಆಚಾರಿ, ಫ್ಯಾಬ್ರಿಕೇಶನ್ ಅಂಗಡಿ, ಸಿದ್ಧ ಪೆಟ್ಟಿಗೆ

ಕೆಲಸ ಯಾರಿಂದ ಮಾಡಿಸುವುದೆಂಬುದು ಹಲಗೆಯ ಆಯ್ಕೆಯಷ್ಟೇ ಮುಖ್ಯ. ಅಡುಗೆಕೋಣೆಗೆ ಸಿದ್ಧ ಕಪಾಟು ಮಾಡಿಕೊಡುವ ಅಂಗಡಿಗಳು ಅಳತೆ ಕೊಟ್ಟರೆ ಎರಡು ವಾರದಲ್ಲಿ ನುಣುಪಾದ ಪೆಟ್ಟಿಗೆಗಳನ್ನು ತಂದು ಕೊಡುತ್ತವೆ. ಆದರೆ ಅವುಗಳ ಪೆಟ್ಟಿಗೆಗೆ ನೇರ ಗೋಡೆ ಬೇಕು, ಗಾಡಿಯ ಗೋಡೆ ಕೆಳಗಿನಿಂದ ಮೇಲಕ್ಕೆ ಒಳಕ್ಕೆ ಬಾಗಿರುತ್ತದೆ. ಬಾಗಿದ ಗೋಡೆಗೆ ನೇರ ಪೆಟ್ಟಿಗೆ ಇಟ್ಟರೆ ಹಿಂದೆ ಮೂರು ನಾಲ್ಕು ಅಂಗುಲ ವ್ಯರ್ಥವಾಗುತ್ತದೆ. ಗೋಡೆಯಿಂದ ಗೋಡೆಗೆ ಆರಡಿಯ ಆಸುಪಾಸು ಇರುವ ಜಾಗದಲ್ಲಿ ಎರಡೂ ಬದಿಯ ನಷ್ಟ ಸೇರಿದರೆ ನಡೆಯುವ ದಾರಿಯೇ ಕಡಿಮೆಯಾಗುತ್ತದೆ. ಫ್ಯಾಬ್ರಿಕೇಶನ್ ಅಂಗಡಿಯವರು ಅಲ್ಯುಮಿನಿಯಂ ಚೌಕಟ್ಟನ್ನು ಬೇಗ, ಕರಾರುವಾಕ್ಕಾಗಿ ಮಾಡುತ್ತಾರೆ, ಬಸ್ಸಿನ ಬಾಡಿ ಕಟ್ಟಿದ ಅನುಭವ ಇರುವವರು ಸಿಕ್ಕಿದರೆ ಎಲ್ಲಿ ಬಿಗಿಯಬೇಕೆಂಬುದೂ ಅವರಿಗೆ ಗೊತ್ತು. ಬಾಗಿಲಿನ ನಯ, ಮರದ ಅಂಚಿನ ಕೆಲಸ ಅವರ ಕೈಯಿಂದ ನಿರೀಕ್ಷಿಸಬಾರದು. ಆಚಾರಿಯವರ ಬಲ ಇರುವುದು ಬಾಗಿದ ಗೋಡೆಯನ್ನು ಹಲಗೆಗೆ ಇಳಿಸುವುದರಲ್ಲಿ. ನಮ್ಮ ಆಚಾರಿಯವರು ಹಳೆಯ ರಟ್ಟನ್ನು ಗೋಡೆಗೆ ಹಿಡಿದು, ಕೈವಾರದಿಂದ ಗೋಡೆಯ ಬಾಗನ್ನು ಅದರ ಮೇಲೆ ಗೀಚಿ, ಕತ್ತರಿಸಿ, ಮತ್ತೆ ಹಿಡಿದು ನೋಡಿ, ರಟ್ಟು ಕೂತ ಮೇಲೆಯೇ ಪ್ಲೈವುಡ್ಡಿಗೆ ಗರಗಸ ಹಾಕಿದರು. ಒಂದೇ ಒಂದು ಹಲಗೆಯೂ ಹಾಳಾಗಲಿಲ್ಲ.

ಆದರೆ ಅವರಿಗೂ ಮೊದಲ ವಾರ ತೊಂದರೆಯಾದದ್ದು ರಸಮಟ್ಟದಿಂದ. ಅಂಗಳ ತುಸು ಇಳಿಜಾರಾಗಿತ್ತು; ರಸಮಟ್ಟದ ಗುಳ್ಳೆಯನ್ನು ನಡುವಿಗೆ ತಂದು ಕೂರಿಸಿದ ಕಪಾಟು ಗಾಡಿಯ ನೆಲಕ್ಕೆ ಓರೆಯಾಗಿತ್ತು. ವಾಹನದಲ್ಲಿ ಅಳತೆಯನ್ನು ಗಾಡಿಯ ನೆಲದಿಂದಲೇ ತೆಗೆದುಕೊಂಡು, ಮೂಲೆಮಟ್ಟದಿಂದ ನೋಡಬೇಕು.

ನಮ್ಮ ತೀರ್ಮಾನ ಹೀಗಾಯಿತು: ಮೇಲಿನ ಚೌಕಟ್ಟುಗಳನ್ನು ಫ್ಯಾಬ್ರಿಕೇಶನ್ ಅಂಗಡಿಯಲ್ಲಿ ಮಾಡಿಸಿ, ಉಳಿದ ಎಲ್ಲವನ್ನೂ ಆಚಾರಿಯವರಿಂದ ದಿನಗೂಲಿಯ ಲೆಕ್ಕದಲ್ಲಿ ಮಾಡಿಸಿದೆವು. ಗುತ್ತಿಗೆಗಿಂತ ದಿನಗೂಲಿ ದುಬಾರಿಯೆನಿಸಿದರೂ ಇಂಥ ಕೆಲಸಕ್ಕೆ ಅದೇ ನ್ಯಾಯ. ಬಾಗಿದ ಗೋಡೆಗೆ ನಾಲ್ಕು ಸಲ ಹಿಡಿದು ನೋಡುವ ತಾಳ್ಮೆಗೆ ಗುತ್ತಿಗೆಯಲ್ಲಿ ಹಣ ಸಿಗುವುದಿಲ್ಲ.

ಹಾಸಿಗೆ, ಬಾಗಿಲು, ಚಿಲಕ

ಸ್ಥಿರವಾದ ಹಾಸಿಗೆಯೋ, ಹಗಲು ಮೇಜಾಗಿ ರಾತ್ರಿ ಹಾಸಿಗೆಯಾಗುವ ಮಡಚು ಜೋಡಣೆಯೋ ಎಂಬುದು ಯಾರು ಪ್ರಯಾಣಿಸುತ್ತಾರೆ ಎಂಬುದರ ಮೇಲೆ ನಿಂತಿದೆ. ನಮ್ಮ ಅತ್ತೆಗೆ ಮಧ್ಯಾಹ್ನ ಬೆನ್ನು ಚಾಚಲೇಬೇಕು. ಆದ್ದರಿಂದ ಹಿಂದೆ ಸ್ಥಿರ ಹಾಸಿಗೆ, ಕೆಳಗೆ ಸಾಮಾನಿನ ಪೆಟ್ಟಿಗೆ. ಹಾಸಿಗೆಯ ಹಲಗೆಯಲ್ಲಿ ಎರಡಂಗುಲದ ತೂತುಗಳನ್ನು ಅಲ್ಲಲ್ಲಿ ಕೊರೆಯಿಸಿದೆವು, ಇಲ್ಲದಿದ್ದರೆ ಬೆವರು ಮತ್ತು ಮಳೆಗಾಲದ ತೇವ ಸೇರಿ ಗಾದಿಯ ಅಡಿಯಲ್ಲಿ ಬೂಷ್ಟು ಹಿಡಿಯುತ್ತದೆ.

ಬಾಗಿಲುಗಳಿಗೆ ನಾಲ್ಕು ಆಯ್ಕೆ ನೋಡಿದೆವು. ಬಿಜಾಗರಿಯ ಬಾಗಿಲು ಗಟ್ಟಿ, ಆದರೆ ತೆರೆದಾಗ ದಾರಿಗೆ ಅಡ್ಡ ಬರುತ್ತದೆ. ಉದ್ದದ ಪಿಯಾನೋ ಬಿಜಾಗರಿ ಕುಲುಕಿನ ಭಾರವನ್ನು ಹತ್ತಾರು ತಿರುಪುಗಳಿಗೆ ಹಂಚುವುದರಿಂದ ಮನೆಯಲ್ಲಿ ಬಳಸುವ ಬಟ್ಟಲಿನ ಬಿಜಾಗರಿಗಿಂತ ಮೇಲು. ಸರಿಯುವ ಬಾಗಿಲು ಜಾಗ ಉಳಿಸುತ್ತದೆ, ಆದರೆ ಧೂಳು ತುಂಬಿದ ಹಳಿಯಲ್ಲಿ ಗಲಗಲ ಸದ್ದು ಮಾಡುತ್ತದೆ. ಬಟ್ಟೆಯ ಪರದೆ ಹಗುರ, ಸಾಮಾನನ್ನು ಮಾತ್ರ ತಡೆಯದು. ಬಟ್ಟೆ ಇಡುವ ಕಪಾಟಿಗೆ ಹಲಸಿನ ಚೌಕಟ್ಟಿನಲ್ಲಿ ಬೆತ್ತದ ಹೆಣಿಗೆ ಕೂರಿಸಿದ ಬಾಗಿಲು ಮಾಡಿಸಿದ್ದು ಈ ಇಡೀ ಕೆಲಸದಲ್ಲಿ ನನಗೆ ಅತ್ಯಂತ ಸಂತೋಷ ಕೊಟ್ಟ ಭಾಗ. ಗಾಳಿ ಆಡುವುದರಿಂದ ಮಳೆಗಾಲದಲ್ಲಿಯೂ ಸೀರೆ, ಮುಂಡು ಮುಗ್ಗಲು ವಾಸನೆ ಬರಲಿಲ್ಲ, ಬಾಗಿಲಿನ ತೂಕವೂ ಪ್ಲೈವುಡ್ಡಿನ ಬಾಗಿಲಿನ ಅರ್ಧ.

ಚಿಲಕಕ್ಕೆ ಅಯಸ್ಕಾಂತದ ಕ್ಯಾಚ್ ಸಾಲದು. ಚೆರ್ಕಳ–ಜಾಲ್ಸೂರು ರಸ್ತೆಯ ಒಂದು ತಿರುವಿನಲ್ಲಿ ಮೂರು ಬಾಗಿಲುಗಳು ಒಟ್ಟಿಗೆ ತೆರೆದು ಸ್ಟೀಲ್ ಪಾತ್ರೆಗಳು ನೆಲಕ್ಕೆ ಬಂದ ಮೇಲೆ, ಒತ್ತಿದರೆ ಮಾತ್ರ ತೆರೆಯುವ ಗುಂಡಿ ಬೀಗಗಳನ್ನು ಎಲ್ಲ ಬಾಗಿಲಿಗೂ ಹಾಕಿಸಿದೆವು. ಎಳೆಯುವ ಪೆಟ್ಟಿಗೆಗಳಿಗೆ ಬೀಗದ ಬದಲು ಒಂದು ಸರಳ ಉಪಾಯ ಸಾಕಾಗುತ್ತದೆ: ಮುಂದಿನ ಅಂಚಿನಲ್ಲಿ ಅರ್ಧ ಅಂಗುಲದ ಕಚ್ಚು ಕೊಟ್ಟರೆ, ಎತ್ತಿ ಎಳೆದಾಗ ಮಾತ್ರ ಪೆಟ್ಟಿಗೆ ಹೊರಬರುತ್ತದೆ.

ಕೊನೆಯದಾಗಿ ಕೆಲಸದ ಕ್ರಮ. ಕಿಟಕಿಯ ರಬ್ಬರು, ಛಾವಣಿಯ ಗಾಳಿಕಿಂಡಿ ಇವುಗಳ ಸೋರಿಕೆಯನ್ನು ಒಂದು ಮಳೆಗಾಲ ಪೂರ್ತಿ ನೋಡಿ ಮುಚ್ಚಿ, ವಯರಿಂಗ್ ಮತ್ತು ಬಿಸಿಲು ತಡೆಯುವ ಫೋಮಿನ ಕೆಲಸವನ್ನು ತುಲಾ ಮಾಸದ ಗುಡುಗು ಮಳೆ ಮುಗಿದ ಮೇಲೆ ಹಿಡಿದು, ಹಲಗೆಯ ಕೆಲಸವನ್ನು ಡಿಸೆಂಬರಿನಿಂದ ಏಪ್ರಿಲಿನೊಳಗೆ ಮುಗಿಸುವುದು ಒಳ್ಳೆಯದು. ಮೈಕಾ ಅಂಟಿಸುವ ಮೊದಲು, ಬರಿ ಹಲಗೆಯ ಸ್ಥಿತಿಯಲ್ಲಿಯೇ, ಕಪಾಟುಗಳಿಗೆ ನಿಜವಾದ ಸಾಮಾನು ತುಂಬಿ ಒಂದು ಘಾಟಿ ಹತ್ತಿ ಇಳಿದು ಬರಬೇಕು. ಒಬ್ಬರು ಬೆಲ್ಟ್ ಹಾಕಿಕೊಂಡು ಹಿಂದಿನ ಆಸನದಲ್ಲಿ ಕೂತು, ಎಲ್ಲೆಲ್ಲಿ ಕಿರುಗುಟ್ಟುತ್ತದೆ, ಯಾವ ಮೂಲೆ ಅಲುಗುತ್ತದೆ ಎಂದು ಬರೆದುಕೊಳ್ಳಬೇಕು. ನಮ್ಮ ಪಟ್ಟಿಯಲ್ಲಿ ಹನ್ನೊಂದು ಜಾಗಗಳಿದ್ದವು. ಆಚಾರಿಯವರು ಪ್ರತಿಯೊಂದಕ್ಕೂ ಸೀಮೆಸುಣ್ಣದಿಂದ ಗುರುತು ಹಾಕಿ, ಬೋಲ್ಟ್ ಬಿಗಿದು, ಏಳು ಕಡೆ ಹೊಸ ಮೂಲೆಪಟ್ಟಿ ಕೊಟ್ಟು, ಮತ್ತೆ ಒಮ್ಮೆ ಪಾಣತ್ತೂರಿನ ದಾರಿಗೆ ನಮ್ಮನ್ನು ಕಳಿಸಿ, ಆಮೇಲೆಯೇ ಮೈಕಾದ ಅಂಟಿನ ಡಬ್ಬ ತೆರೆದರು.